ಕೋಡಿ ಬಿದ್ದ ಮಾರನೆಯ ದಿನ

ಹುಳಿಯಾರಿಗೆ ಸಮೀಪದ ಬೋರನಕಣಿವೆ ಪ್ರತಿ ವರ್ಷ ತುಂಬುವ ಕೆರೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಮೈಸೂರು ಅರಸರ ಕಾಲದಲ್ಲಿ, ಸುವರ್ಣಮುಖಿ ಹೊಳೆಗೆ ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಈ ಜಲಾಶಯ ಬರದ ವರ್ಷಗಳಲ್ಲಿ ತಳ ಕಾಣುತ್ತದೆ, ಮಳೆ ಕೈಹಿಡಿದ ವರ್ಷ ತುಂಬಿ ಕೋಡಿ ಬೀಳುತ್ತದೆ. ಕೋಡಿ ಬಿತ್ತೆಂದರೆ ಸುತ್ತಲ ಊರುಗಳಿಗೆ ಹಬ್ಬ. ಬಾಗಿನ ಬಿಡಲು ಜನ ಬರುತ್ತಾರೆ. ನಮ್ಮಲ್ಲಿ ಕೆರೆ ಕಟ್ಟಿದವರು ಏರಿಯ ಜೊತೆಗೇ ಕೋಡಿಯನ್ನೂ ಕಟ್ಟಿದರು. ಎಂದೋ ಒಂದು ದಿನ ಅಳತೆ ಮೀರಿಯೇ ಮೀರುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಮೀರಿದ ನೀರು ಏರಿಯನ್ನು ಕೊಚ್ಚದೆ ಪಕ್ಕದಿಂದ ಹರಿದುಹೋಗಲಿ ಎಂದು ದಾರಿ ಬಿಟ್ಟರು. ಕೋಡಿ ನಿಂತ ಮೇಲೆ, ನಿನ್ನೆ ಹೆಚ್ಚು ನೀರು ಬಂತಲ್ಲ ಎಂದು ತೂಬನ್ನು ಪೂರಾ ಎತ್ತಿ ಕೆರೆಯನ್ನೇ ಬರಿದುಮಾಡುವ ನೀರುಗಂಟಿ ಯಾವ ಊರಲ್ಲೂ ಇಲ್ಲ. ಅಚ್ಚುಕಟ್ಟಿಗೆ ಹೋಗುವುದು ಎಂದಿನ ಅಳತೆಯ ನೀರೇ. ಹೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಹಬ್ಬದಲ್ಲಿ ಅತಿಯಾಗಿ ಉಂಡವರು ರಾತ್ರಿಯೇ ಮನಸ್ಸಿನಲ್ಲಿ ತೀರ್ಪು ಕೊಟ್ಟುಕೊಳ್ಳುತ್ತಾರೆ: ನಾಳೆ ಏನೂ ಮುಟ್ಟುವುದಿಲ್ಲ. ಈ ತೀರ್ಪು ಧರ್ಮದ ಮಾತಿನಂತೆ ಕೇಳಿಸುತ್ತದೆ. ಅದು ನಿಜವಾಗಿ ಧರ್ಮದ ಮಾತೇ, ಅತಿಯಾಗಿ ಉಂಡದ್ದು ದಂಡ ತೆತ್ತು ತೀರಿಸಬೇಕಾದ ಪಾಪವೇ ಅಥವಾ ದಾರಿಗೆ ಮರಳಿ ಸರಿಪಡಿಸಿಕೊಳ್ಳಬೇಕಾದ ತಪ್ಪೇ ಎಂಬುದು ಇಲ್ಲಿಯ ಪ್ರಶ್ನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಈ ಪ್ರಶ್ನೆ ವರ್ಷಕ್ಕೆ ಹತ್ತಾರು ಸಲ ಎದುರಾಗುತ್ತದೆ. ಯುಗಾದಿಯ ಮಧ್ಯಾಹ್ನದ ಎಲೆಯನ್ನೇ ನೋಡಿ. ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲದರ ಮೇಲೂ ಕಾಯಿತುರಿ. ಅಂಗೈ ಅಗಲದ ಒಬ್ಬಟ್ಟು ಬಿದ್ದ ಕೂಡಲೇ ಅದರ ಮೇಲೆ ತುಪ್ಪ, ಅದು ಇಂಗುವ ಮೊದಲೇ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಆಮೇಲೆ ಅನ್ನಕ್ಕೆ ಒಬ್ಬಟ್ಟಿನ ಸಾರು, ಅದಕ್ಕೂ ರುಬ್ಬಿದ ಕಾಯಿ. ಸಾಕು ಎಂದವರು ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುತ್ತಾರೆ; ಬಡಿಸುವವರು ಬೆರಳ ಸಂದಿಯಲ್ಲಿ ಇನ್ನೊಂದನ್ನು ಜಾರಿಸಿಯೇ ಮುಂದೆ ಹೋಗುತ್ತಾರೆ. ನೂರು ಗ್ರಾಂ ಹಸಿ ಕಾಯಿಯಲ್ಲಿ ಮೂರನೇ ಒಂದರಷ್ಟು ಕೊಬ್ಬಿದೆ, ಒಣಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಮೂರನೇ ಎರಡರಷ್ಟು. ಅಟ್ಟದ ಮೇಲೆ ವರ್ಷದ ಬಹುಪಾಲು ಇಟ್ಟು ಉಂಡೆಕೊಬ್ಬರಿ ಮಾಡುವ ಊರಿನಲ್ಲಿ ಕಾಯಿ ಎಂದರೆ ಸಂಪತ್ತು, ಮಾನ, ದೇವರ ಮುಂದೆ ಒಡೆಯುವ ಮೊದಲ ವಸ್ತು. ಅದನ್ನು ಕಡಿಮೆ ಬಡಿಸಿದ ಮನೆ ಜಿಪುಣರ ಮನೆಯೆನಿಸಿಕೊಳ್ಳುತ್ತದೆ. ಯುಗಾದಿಯ ಮಾರನೆಯ ದಿನ ಬಾಡು ತಿನ್ನುವ ಮನೆಗಳಲ್ಲಿ ವರ್ಷತೊಡಕು ಬೇರೆ. ಹೀಗಿರುವಾಗ ಅತಿಯೇ ಆಗದಂತೆ ಬದುಕಿ ಎಂದು ಉಪದೇಶಿಸುವುದು ಕೋಡಿಯಿಲ್ಲದ ಕೆರೆ ಕಟ್ಟಿದಂತೆ. ಅತಿಯಾದ ಮೇಲೆ ಏನು ಎಂಬುದನ್ನೇ ನೇರವಾಗಿ ಕೇಳಿಕೊಳ್ಳಬೇಕು.

ಹೆಚ್ಚಿನವರ ಮನಸ್ಸಿನಲ್ಲಿರುವ ಉತ್ತರ ಸಾಲದ ಲೆಕ್ಕದ್ದು. ನಿನ್ನೆ ಎರಡು ಊಟದಷ್ಟು ಹೆಚ್ಚು ಉಂಡೆ, ಇವತ್ತು ಎರಡು ಊಟ ಬಿಟ್ಟರೆ ಲೆಕ್ಕ ಚುಕ್ತಾ. ಕೇಳಲು ನ್ಯಾಯವಾಗಿದೆ, ಆದರೆ ಮನುಷ್ಯನ ಮೈಮನಸ್ಸು ಈ ಖಾತೆ ಪುಸ್ತಕವನ್ನು ಒಪ್ಪುವುದಿಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದ ಯುವತಿಯರಲ್ಲಿ ಕೆಲವರಿಗೆ ಏನೂ ಕೊಡಲಿಲ್ಲ, ಕೆಲವರಿಗೆ ಒಂದು ಲೋಟ ಮಿಲ್ಕ್‌ಶೇಕ್, ಕೆಲವರಿಗೆ ಎರಡು. ಆಮೇಲೆ ರುಚಿ ನೋಡಿ ಹೇಳಿ ಎಂದು ಐಸ್‌ಕ್ರೀಮ್ ಇಟ್ಟು, ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ತಿನ್ನುವ ಬಗ್ಗೆ ಸದಾ ಕಟ್ಟುಪಾಡು ಹಾಕಿಕೊಳ್ಳದವರು ಮಿಲ್ಕ್‌ಶೇಕ್ ಹೆಚ್ಚು ಕುಡಿದಷ್ಟೂ ಐಸ್‌ಕ್ರೀಮನ್ನು ಕಡಿಮೆ ತಿಂದರು. ಹೊಟ್ಟೆ ಸಹಜವಾಗಿ ಸಾಕು ಎಂದಿತು. ಸದಾ ಬಿಗಿಹಿಡಿದು ಪಥ್ಯದಲ್ಲಿರುವವರದು ತಿರುವುಮುರುವು. ಮಿಲ್ಕ್‌ಶೇಕ್ ಕುಡಿದ ಮೇಲೆ ಅವರು ಐಸ್‌ಕ್ರೀಮನ್ನು ಇನ್ನೂ ಹೆಚ್ಚು ತಿಂದರು. ಹೇಗೂ ವ್ರತ ಕೆಟ್ಟಿತು, ಇನ್ನು ಎಷ್ಟು ತಿಂದರೇನು ಎಂಬ ಭಾವ ಅವರ ಕೈಯನ್ನು ನಡೆಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮುಳುಗಿದವನಿಗೆ ಚಳಿಯೇನು. ನಾಳೆಯಿಂದ ಉಪವಾಸ ಎಂದು ತೀರ್ಮಾನಿಸಿದವರೇ ಇವತ್ತಿನ ಕೊನೆಯ ಒಬ್ಬಟ್ಟನ್ನೂ ಬಿಡದಿರುವುದು ಇದೇ ಕಾರಣಕ್ಕೆ: ನಾಳೆ ತೆರಲಿರುವ ದಂಡ ಇವತ್ತಿನ ತಪ್ಪಿಗೆ ಪರವಾನಗಿಯಾಗುತ್ತದೆ.

ಈ ಅನುಭವ ಹಿಂದಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಪಾಲಿಯ ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಪ್ರಸಂಗವೊಂದಿದೆ. ಅವನ ಊಟ ಒಂದು ದ್ರೋಣದಷ್ಟು ಅಕ್ಕಿಯ ಅನ್ನ. ನಮ್ಮ ಕಡೆಯ ಕೊಳಗದಂಥ ದೊಡ್ಡ ಅಳತೆ ಅದು. ಒಂದು ದಿನ ಹಾಗೆ ಉಂಡು ಏದುಸಿರು ಬಿಡುತ್ತಾ ಬುದ್ಧನ ಬಳಿಗೆ ಬಂದು ಕೂತ. ಬುದ್ಧ ಗದರಲಿಲ್ಲ, ಏಳು ದಿನ ಉಪವಾಸ ಮಾಡು ಎನ್ನಲಿಲ್ಲ. ಎಚ್ಚರವಿಟ್ಟು ಅಳತೆ ಅರಿತು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಅವನು ನಿಧಾನವಾಗಿ ಮುಪ್ಪಾಗುತ್ತಾನೆ ಎಂಬರ್ಥದ ಮಾತು ಹೇಳಿದ, ಅಷ್ಟೇ. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನನೆಂಬ ಹುಡುಗನಿಗೆ ಆ ಮಾತನ್ನು ಬಾಯಿಪಾಠ ಮಾಡಿಸಿ, ದಿನವೂ ಊಟದ ಹೊತ್ತಿನಲ್ಲಿ ಹೇಳು, ದಿನಕ್ಕೆ ನೂರು ಕಹಾಪಣ ನಾಣ್ಯ ಕೊಡುತ್ತೇನೆ ಎಂದ. ಕ್ರಮೇಣ ಅವನ ಊಟ ಒಂದು ನಾಳಿಯ ಸಣ್ಣ ಅಳತೆಗೆ ಇಳಿಯಿತು, ಮೈ ಹಗುರಾಯಿತು. ಈ ಪ್ರಸಂಗದಲ್ಲಿ ಎರಡು ಸಂಗತಿಗಳು ನನಗೆ ಮುಖ್ಯವೆನಿಸುತ್ತವೆ. ಎಚ್ಚರಿಸುವ ಮಾತನ್ನು ರಾಜ ಇಟ್ಟುಕೊಂಡದ್ದು ಊಟದ ನಡುವೆ. ಉಂಡ ಮೇಲಿನ ಪಶ್ಚಾತ್ತಾಪಕ್ಕೆ ಅವನು ಏನನ್ನೂ ಬಿಡಲಿಲ್ಲ. ಎರಡನೆಯದು ಆ ‘ಕ್ರಮೇಣ’ ಎಂಬ ಮಾತು. ಕೊಳಗದಿಂದ ನಾಳಿಗೆ ಅವನು ಒಂದೇ ನೆಗೆತಕ್ಕೆ ಹಾರಲಿಲ್ಲ.

ಕ್ರಮೇಣ ಎಂಬುದನ್ನು ಚರಕ ಸಂಹಿತೆ ಇನ್ನೂ ಖಚಿತವಾಗಿ ಹೇಳುತ್ತದೆ. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ರೂಢಿಯಾಗಿಬಿಟ್ಟ ಅಹಿತವನ್ನು ಒಮ್ಮೆಗೇ ಬಿಡಬೇಡ, ಕಾಲುಕಾಲು ಭಾಗವಾಗಿ ಬಿಡು, ಬಿಟ್ಟ ಜಾಗಕ್ಕೆ ಹಿತವಾದುದನ್ನು ಅದೇ ಅಳತೆಯಲ್ಲಿ ತಂದುಕೋ ಎಂದಿದೆ. ಹಾಗೆ ಕ್ರಮವಾಗಿ ಬಿಟ್ಟ ದೋಷ ಮರಳುವುದಿಲ್ಲ, ಕ್ರಮವಾಗಿ ಗಳಿಸಿದ ಗುಣ ಕದಲುವುದಿಲ್ಲ ಎಂಬುದು ಅಲ್ಲಿಯ ಭರವಸೆ. ಶೋಧನ ಚಿಕಿತ್ಸೆಯಿಂದ ಹೊಟ್ಟೆ ಬರಿದಾದ ರೋಗಿಗೂ ಮೊದಲು ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಬೇಳೆಕಟ್ಟು ಹೀಗೆ ಮೆಟ್ಟಿಲು ಮೆಟ್ಟಿಲಾಗಿಯೇ ಊಟಕ್ಕೆ ತರಬೇಕು. ಇದು ಆಯುರ್ವೇದದವರ ಮಾತು ಮಾತ್ರವೂ ಅಲ್ಲ. ಇಮಾಂ ಗಜಾಲಿ (1058–1111) ತಮ್ಮ ದೊಡ್ಡ ಗ್ರಂಥದಲ್ಲಿ ಹೊಟ್ಟೆಯ ಆಸೆಗೇ ಒಂದು ಭಾಗ ಮೀಸಲಿಟ್ಟು, ಎರಡು ರೊಟ್ಟಿ ತಿನ್ನುವವನು ಒಂದಕ್ಕೆ ಇಳಿಯಬೇಕಾದರೆ ದಿನಕ್ಕೆ ಒಂದು ಚೂರಿನಂತೆ ಸುಮಾರು ತಿಂಗಳಿಡೀ ಕಡಿಮೆ ಮಾಡುತ್ತಾ ಬರಲಿ ಎನ್ನುತ್ತಾರೆ. ಧರ್ಮಶಾಸ್ತ್ರದ ಕಠಿಣ ಪ್ರಾಯಶ್ಚಿತ್ತಗಳಲ್ಲಿ ಒಂದಾದ ಚಾಂದ್ರಾಯಣದಲ್ಲಿಯೂ ತುತ್ತುಗಳು ಚಂದ್ರನ ಕಲೆಗಳಂತೆ ಹದಿನೈದರಿಂದ ಒಂದೊಂದಾಗಿ ಇಳಿದು ಮತ್ತೆ ಒಂದೊಂದಾಗಿ ಏರುತ್ತವೆ. ಬೇರೆ ಬೇರೆ ದಾರಿಯ ಜನ ಒಂದೇ ಅರಿವಿಗೆ ಬಂದಿದ್ದಾರೆ. ದೇಹವೆಂಬುದು ಆಜ್ಞೆ ಕೇಳಿ ತಿರುಗುವ ವಸ್ತುವಲ್ಲ. ಅಟ್ಟಕ್ಕೆ ಹಾಕಿದ ಕಾಯಿಯ ನೀರು ಒಳಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದಾಗ ಸದ್ದು ಕೊಡಲು ಎಷ್ಟು ತಿಂಗಳು ಬೇಕೆಂದು ಬಲ್ಲ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದೂ ಅಲ್ಲ. ಲಂಘನವೇ ಪರಮೌಷಧ ಎಂದು ನಮ್ಮ ಹಿರಿಯರೇ ಹೇಳುತ್ತಾ ಬಂದಿಲ್ಲವೇ? ಹೇಳಿದ್ದಾರೆ, ಆ ಮಾತು ಸತ್ಯವೂ ಹೌದು. ಆದರೆ ಚರಕದಲ್ಲಿ ಲಂಘನ ಎಂದರೆ ಮೈಯನ್ನು ಹಗುರಗೊಳಿಸುವುದು. ಅದರ ಹತ್ತು ಬಗೆಗಳಲ್ಲಿ ಉಪವಾಸ ಒಂದು ಮಾತ್ರ. ಗಾಳಿಗೆ ಬಿಸಿಲಿಗೆ ಮೈಯೊಡ್ಡುವುದು, ವ್ಯಾಯಾಮ, ಜೀರ್ಣಕ್ಕೆ ನೆರವಾಗುವ ಔಷಧ ಇವೂ ಅದರಲ್ಲಿವೆ. ಉಂಡದ್ದು ಜೀರ್ಣವಾದ ಮೇಲೆ ಉಣ್ಣು ಎಂಬುದು ಅದೇ ಗ್ರಂಥದ ಊಟದ ನಿಯಮ. ಹಬ್ಬದ ರಾತ್ರಿ ಹೊಟ್ಟೆ ಭಾರವಾಗಿದ್ದರೆ ಊಟ ಬಿಟ್ಟು ಒಂದು ಲೋಟ ಜೀರಿಗೆ ನೀರು ಕುಡಿದು ಮಲಗುವುದು ಸರಿಯಾದ ಲಂಘನ. ಹಸಿವೆಯೇ ಇಲ್ಲದಾಗ ಉಣ್ಣದಿರುವುದಕ್ಕೆ ಛಲ ಬೇಕಿಲ್ಲ. ಮಾರನೆಯ ಮಧ್ಯಾಹ್ನ ಹಸಿವೆ ಬಂದು ಕರೆದಾಗಲೂ, ನಿನಗೆ ಉಣ್ಣುವ ಯೋಗ್ಯತೆ ಇಲ್ಲ ಎಂದು ಅದನ್ನು ಅಟ್ಟುವುದು ಮಾತ್ರ ಔಷಧವಲ್ಲ, ಶಿಕ್ಷೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೆ ಯೋಗ ಸಿದ್ಧಿಸದು ಎಂಬ ಮಾತನ್ನು ಎಲ್ಲರೂ ನೆನೆಯುತ್ತಾರೆ. ಏನೂ ಉಣ್ಣದವನಿಗೂ ಸಿದ್ಧಿಸದು ಎಂದು ಅದೇ ಉಸಿರಿನಲ್ಲಿ ಹೇಳಿರುವುದು ಮರೆತುಹೋಗುತ್ತದೆ. ಹದಿನೇಳನೆಯ ಅಧ್ಯಾಯ ಮೈಯನ್ನು ಹಿಂಸಿಸುವ ತಪಸ್ಸನ್ನು ಆಸುರವೆಂದೇ ಕರೆಯುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಹಟಕ್ಕೆ ಬಿದ್ದು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು.

ಹಾಗಾದರೆ ಏಕಾದಶಿಯಂಥ ವ್ರತಗಳೆಲ್ಲ ತಪ್ಪೇ ಎಂದು ಕೇಳಬಹುದು. ಅಲ್ಲ. ವ್ರತದ ಉಪವಾಸಕ್ಕೂ ನಾಚಿಕೆಯ ಉಪವಾಸಕ್ಕೂ ಇರುವ ಅಂತರ ದೊಡ್ಡದು. ಏಕಾದಶಿ ಪಂಚಾಂಗದ ಪ್ರಕಾರ ಬರುತ್ತದೆ. ಹಿಂದಿನ ದಿನ ನೀವು ಎಷ್ಟು ಉಂಡಿರಿ ಎಂದು ಅದು ಕೇಳುವುದಿಲ್ಲ. ಅದಕ್ಕೆ ಮೊದಲೂ ಇದೆ, ಕೊನೆಯೂ ಇದೆ. ದ್ವಾದಶಿಯ ಪಾರಣೆಯನ್ನು ಹೊತ್ತು ಮೀರದೆ ಮಾಡಲೇಬೇಕು. ಉಪವಾಸ ಮಾಡುವುದು ಎಷ್ಟು ಕಡ್ಡಾಯವೋ ಅದನ್ನು ಬಿಡುವುದೂ ಅಷ್ಟೇ ಕಡ್ಡಾಯ. ಪಾರಣೆಯ ಎಲೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿಯಂಥ ಹಗುರವಾದವು ಬರುತ್ತವೆ. ನಾಚಿಕೆಯ ಉಪವಾಸಕ್ಕೆ ಇಂಥ ಪಾರಣೆಯಿಲ್ಲ. ಅದು ಮುಗಿಯುವುದು ತಡೆಯಲಾಗದೆ ಮತ್ತೆ ಮುಗಿಬಿದ್ದಾಗ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಧ್ಯಯನ ಮಾಡಿದಾಗ, ಆ ಗಟ್ಟಿಮುಟ್ಟಾದ ಯುವಕರಿಗೆ ಹಗಲಿರುಳು ಊಟದ್ದೇ ಧ್ಯಾನವಾಯಿತು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ದೇವರ ಕಡೆಗೆ ಮನಸ್ಸು ತಿರುಗಲೆಂದು ಹಿಡಿದ ಉಪವಾಸ ಮನಸ್ಸನ್ನು ಪೂರ್ತಿ ಅನ್ನದ ಕಡೆಗೇ ತಿರುಗಿಸಿದರೆ ಅದು ಯಾವ ಅರ್ಥದಲ್ಲಿ ಉಪವಾಸ?

ಶರಣ ಧರ್ಮದ ಪ್ರಸಾದ ತತ್ತ್ವ ಈ ಸೀಮೆಯ ಬಹಳ ಮನೆಗಳ ಊಟವನ್ನು ರೂಪಿಸಿದೆ. ಅರ್ಪಿಸಿದ ಪದಾರ್ಥ ಪ್ರಸಾದವಾಗುತ್ತದೆ, ಪ್ರಸಾದವನ್ನು ಚೆಲ್ಲಬಾರದು. ಅತಿಯಾಗಿ ಉಂಡವರು ಇದನ್ನೇ ಮುಂದಿಡುವುದುಂಟು: ಎಲೆಯಲ್ಲಿ ಬಿಡಬಾರದಲ್ಲ, ಅದಕ್ಕೇ ಉಂಡೆ. ನನ್ನ ಮಟ್ಟಿಗೆ ಈ ನಿಯಮ ಉಂಡು ಮುಗಿಸುವ ಗಳಿಗೆಯದಲ್ಲ, ಹಾಕಿಸಿಕೊಳ್ಳುವ ಗಳಿಗೆಯದು. ಚೆಲ್ಲಬಾರದು ಎಂಬ ಭಾರ ಇರುವುದರಿಂದಲೇ ಸೌಟು ಹತ್ತಿರ ಬಂದಾಗ ಎಷ್ಟು ಬೇಕೆಂದು ನಿಜವಾಗಿ ಯೋಚಿಸಬೇಕಾಗುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ ಅನ್ನ ಬಡಿಸುವುದನ್ನೇ ಪೂಜೆ ಮಾಡಿಕೊಂಡು, 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಸ್ವಂತ ಊಟ ಬಹಳ ಮಿತವಾದದ್ದು. ಇತರರಿಗೆ ಧಾರಾಳ, ತನಗೆ ಮಿತ ಎಂಬ ಎರಡೂ ಅವರಲ್ಲಿ ಜಗಳವಾಡಲಿಲ್ಲ. ಆ ಮಿತ ಅವರಿಗೆ ದಂಡವಾಗಿ ಬಂದದ್ದಲ್ಲ, ದಿನಚರಿಯಾಗಿ ನೆಲೆಸಿದ್ದು. ಜೈನರಲ್ಲಿ ಈ ದಿನಚರಿಗೆ ಇನ್ನೂ ಅಂದವಾದ ಹೆಸರಿದೆ. ತುಮಕೂರಿನ ಬಳಿಯ ಮಂದರಗಿರಿಯಂಥ ಬಸದಿಗಳಿಗೆ ಹೋಗಿಬರುವವರಿಗೆ ಗೊತ್ತಿರುವ ಪ್ರತಿಕ್ರಮಣ ಎಂಬ ಮಾತಿನ ನೇರ ಅರ್ಥ ಹಿಂದಕ್ಕೆ ಹೆಜ್ಜೆಯಿಡುವುದು. ಎಲ್ಲಿಂದ ಜಾರಿದೆನೋ ಅಲ್ಲಿಗೆ ನಡೆದು ಮರಳುವುದು, ಅದನ್ನು ನಿತ್ಯವೂ ಮಾಡುವುದು. ಅವರ ಬಾಹ್ಯ ತಪಸ್ಸುಗಳ ಪಟ್ಟಿಯಲ್ಲಿ ಉಪವಾಸದ ಪಕ್ಕದಲ್ಲೇ, ಹಸಿವೆಗಿಂತ ಕೆಲವು ತುತ್ತು ಕಡಿಮೆ ಉಣ್ಣುವುದಕ್ಕೂ ಬೇರೆಯಾಗಿ ಒಂದು ಸ್ಥಾನವಿದೆ. ಉಣ್ಣದೇ ಇರುವವರಷ್ಟೇ, ಉಣ್ಣುತ್ತಾ ನಡುವೆ ನಿಲ್ಲಿಸುವವರೂ ತಪಸ್ವಿಗಳು ಎಂದು ಒಪ್ಪಿದ ಪಟ್ಟಿ ಅದು.

ಎರಡನೆಯ ಆಕ್ಷೇಪ ಶಿಸ್ತಿನ ಜನರದು. ಹೀಗೆ ತಪ್ಪಿಗೆ ದಂಡವೇ ಇಲ್ಲ ಎಂದರೆ ಮನಸ್ಸು ಸಡಿಲವಾಗುವುದಿಲ್ಲವೇ, ಪರವಾಗಿಲ್ಲ ಬಿಡು ಎಂದುಕೊಂಡು ಮತ್ತೆ ತಿನ್ನುವುದಿಲ್ಲವೇ? ಊಹೆಗೆ ಹಾಗೆಯೇ ತೋರುತ್ತದೆ. 2007ರಲ್ಲಿ ಆಡಮ್ಸ್ ಮತ್ತು ಲಿಯರಿ ಎಂಬ ಇಬ್ಬರು ಇದನ್ನೇ ಪರೀಕ್ಷಿಸಿದರು. ಕಟ್ಟುಪಾಡಿನಲ್ಲಿ ಉಣ್ಣುವ ಯುವತಿಯರಿಗೆ ಡೋನಟ್ ಎಂಬ ಕರಿದ ಸಿಹಿ ತಿನ್ನಿಸಿ, ಅರ್ಧದಷ್ಟು ಜನರಿಗೆ ಮಾತ್ರ, ಎಲ್ಲರೂ ಒಮ್ಮೊಮ್ಮೆ ಹೀಗೆ ತಿನ್ನುತ್ತಾರೆ, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂಬರ್ಥದ ಸಾಂತ್ವನ ಹೇಳಿದರು. ಆಮೇಲೆ ಮಿಠಾಯಿ ಇಟ್ಟಾಗ, ಸಾಂತ್ವನ ಕೇಳಿದವರೇ ಕಡಿಮೆ ತಿಂದರು. ಒಂದು ಪ್ರಯೋಗದಿಂದ ಎಲ್ಲವೂ ಸಿದ್ಧವಾಗದು, ನಿಜ. ಆದರೆ ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ತನ್ನನ್ನು ಹಳಿದುಕೊಳ್ಳುವ ಮನಸ್ಸಿಗೆ ನೋವಾಗುತ್ತದೆ. ನೊಂದ ಮನಸ್ಸು ಸಮಾಧಾನ ಹುಡುಕುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಸಮಾಧಾನ ಅಡುಗೆಮನೆಯ ಡಬ್ಬಿ. ಅಲ್ಲದೆ ದಂಡವಿಲ್ಲ ಎಂದ ಮಾತ್ರಕ್ಕೆ ಈ ದಾರಿ ಸಲೀಸೂ ಅಲ್ಲ. ಒಂದು ದಿನ ಕಣ್ಣುಮುಚ್ಚಿ ಹೊಟ್ಟೆ ಕಟ್ಟುವುದು ವೀರಾವೇಶದ ಕೆಲಸ, ಯಾರಾದರೂ ಮಾಡಿಯಾರು. ಮುದ್ದೆಯ ಗಾತ್ರವನ್ನು ಒಂದು ನಿಂಬೆಹಣ್ಣಿನಷ್ಟು ಕಡಿಮೆ ಮಾಡಿ, ಅದನ್ನು ತಿಂಗಳಿಡೀ ಪಾಲಿಸುವುದಕ್ಕೆ ಇನ್ನೂ ಹೆಚ್ಚಿನ ಶಿಸ್ತು ಬೇಕು. ಹೇಳಿಕೊಂಡು ಮೆರೆಯಲು ಅದರಲ್ಲಿ ಏನೂ ಇಲ್ಲ, ಮೆಚ್ಚಿಕೊಳ್ಳಲು ಯಾರೂ ಇಲ್ಲ. ಇದರ ನಡುವೆಯೂ ತಡೆಯಲಾಗದಂತೆ ಪದೇಪದೇ ತಿಂದು ಸಂಕಟಪಡುವವರಿದ್ದಾರೆ. ಅವರದು ಕಾಯಿಲೆ, ಅದಕ್ಕೆ ವೈದ್ಯರ ನೆರವು ಬೇಕು, ಉಪದೇಶ ಸಾಲದು.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದ್ದು. ಅತಿಯಾಗಿ ಉಂಡ ಚಿಂತೆ ಉಳ್ಳವರದು. ಉಣ್ಣಲು ಇಲ್ಲದವರ ನಾಡಿನಲ್ಲಿ ಇದನ್ನು ಧರ್ಮದ ಪ್ರಶ್ನೆ ಎನ್ನುವುದೇ ತಪ್ಪಲ್ಲವೇ? ಈ ಬಯಲುಸೀಮೆ ಹಸಿವೆಯನ್ನು ಬಲ್ಲದು. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಇಲ್ಲವಾದರು. ಬೋರನಕಣಿವೆಯಂಥ ಕೆರೆಗಳು ಎದ್ದದ್ದು ಆ ಬರದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ. ಅಂಥ ನೆಲದಲ್ಲಿ ಹಬ್ಬದ ದಿನವಾದರೂ ಹೊಟ್ಟೆ ಬಿರಿಯ ಉಣ್ಣಲಿ ಎಂಬುದು ದುರಾಸೆಯಲ್ಲ, ಹಸಿದ ತಲೆಮಾರುಗಳ ಹರಕೆ. ಎಲೆಗೆ ಬಲವಂತವಾಗಿ ಇನ್ನೊಂದು ಒಬ್ಬಟ್ಟು ಹಾಕುವ ಕೈಯಲ್ಲಿ ಆ ಹರಕೆಯೇ ಇದೆ, ಅದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಆದರೆ ಕಾಲ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಹತ್ತರಲ್ಲಿ ಮೂವರಷ್ಟು ಜನ ಅತಿತೂಕದವರು. ಅದೇ ಸಮೀಕ್ಷೆಯಲ್ಲಿ ತೂಕ ಸಾಲದವರ ಪಾಲೂ ಸಣ್ಣದಲ್ಲ. ಒಂದೇ ಊರಿನಲ್ಲಿ ಎರಡೂ ಇವೆ. ವರ್ಷಕ್ಕೆ ನಾಲ್ಕಾರು ಸಲ ಬರುತ್ತಿದ್ದ ಹಬ್ಬದೂಟ ಈಗ ಮದುವೆ, ಗೃಹಪ್ರವೇಶ, ಬೀಗರೂಟ, ಬೇಕರಿ ಎಂದು ವಾರವಾರವೂ ಬರುತ್ತಿದೆ. ಮೈದಣಿವ ಕೆಲಸ ಕಡಿಮೆಯಾಗಿದೆ. ಕೋಡಿ ಎಂದೋ ಒಮ್ಮೆ ಹರಿಯಲೆಂದು ಕಟ್ಟಿದ್ದು. ದಿನವೂ ಅದರಲ್ಲಿ ನೀರು ಹರಿಯತೊಡಗಿದರೆ ಕಲ್ಲು ಕಿತ್ತುಬರುತ್ತದೆ.

ಹಾಗೆಂದೇ ಈ ಇಡೀ ವಿಚಾರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಹಬ್ಬದ ಊಟಕ್ಕೂ ಅಲ್ಲ, ಉಪವಾಸಕ್ಕೂ ಅಲ್ಲ, ಹಬ್ಬದ ನಂತರ ಬರುವ ಮೊದಲ ಊಟಕ್ಕೆ. ಅದು ಯಾವ ಹೊತ್ತಿನದಾದರೂ ಸರಿ, ಹಸಿವೆಯಾದಾಗಿನದು. ಅದಕ್ಕೆ ಹೊಸ ಪಥ್ಯದ ಪುಸ್ತಕ ಬೇಕಿಲ್ಲ, ಪ್ಯಾಕೆಟ್ಟಿನ ಪುಡಿ ಬೇಕಿಲ್ಲ. ಹೊಲದ ಬದುವಿನ ಸೊಪ್ಪು, ಮನೆಯ ಹುರುಳಿಕಾಳು ಹಾಕಿದ ಬಸ್ಸಾರು, ಎಂದಿಗಿಂತ ತುಸು ಸಣ್ಣ ಮುದ್ದೆ, ನೀರು ಮಜ್ಜಿಗೆ. ನಿನ್ನೆ ಬೇಕಾದಷ್ಟು ಬಿದ್ದ ಕಾಯಿ ಇವತ್ತು ಸಾರಿಗೆ ಒಂದು ಚಿಟಿಕೆಯಷ್ಟು ಸಾಕು, ಒಗ್ಗರಣೆಗೆ ಒಂದು ಸಣ್ಣ ಚಮಚ ಎಣ್ಣೆ. ಚರಕ ಹೇಳುವಂತೆ ಹೊಟ್ಟೆಯ ಮೂರು ಪಾಲಿನಲ್ಲಿ ಗಟ್ಟಿ ಆಹಾರಕ್ಕೆ ಒಂದು, ದ್ರವಕ್ಕೆ ಒಂದು, ಒಳಗಿನ ವಾತ ಪಿತ್ತ ಕಫಗಳ ಸಂಚಾರಕ್ಕೆ ಒಂದು. ಮುಸ್ಲಿಮರು ಪ್ರವಾದಿಯವರ ಮಾತೆಂದು ನೆನೆಯುವ ಅಳತೆಯಲ್ಲೂ ಅನ್ನಕ್ಕೆ ಒಂದು, ನೀರಿಗೆ ಒಂದು, ಉಸಿರಿಗೆ ಒಂದು. ಹಬ್ಬದ ಮಾರನೆಯ ಬೆಳಿಗ್ಗೆ ಡಬ್ಬಿಯಲ್ಲಿ ಉಳಿದ ತಂಗಳೊಬ್ಬಟ್ಟು ಇದ್ದೇ ಇರುತ್ತದೆ, ಅದರ ರುಚಿ ಹಿಂದಿನ ದಿನದ್ದಕ್ಕಿಂತ ಒಂದು ಕೈ ಮೇಲು. ಅದನ್ನು ಪಾಪದ ಗಂಟಿನಂತೆ ಮುಚ್ಚಿಡುವುದೂ ಬೇಡ, ನಿಂತಲ್ಲೇ ಮೂರು ಮುಗಿಸುವುದೂ ಬೇಡ. ಮುದ್ದೆ ಉಂಡಾದ ಮೇಲೆ ಒಂದನ್ನು ಕೂತು ನಿಧಾನವಾಗಿ ತಿಂದು, ಉಳಿದದ್ದನ್ನು ಕಾಯಿ ಸುಲಿಯಲು ಬಂದವರ ಕೈಗೋ ಪಕ್ಕದ ಮನೆಯ ಮಕ್ಕಳ ಕೈಗೋ ಇನ್ನೂ ಮೆತ್ತಗಿರುವಾಗಲೇ ಕೊಟ್ಟುಬಿಡಬೇಕು.